ಹಳೆಯ ಜರ್ಮನ್ ಮೋಟಾರ್ ಸೈಕಲ್: ಬಿಡಿಭಾಗ ಹುಡುಕುವ ಮುನ್ನ ಗುರುತು ಹಿಡಿಯಬೇಕು

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ, ಹಳೆಯ ಜರ್ಮನ್ ಮೋಟಾರ್ ಸೈಕಲ್‌ಗಳ ಜೀರ್ಣೋದ್ಧಾರ ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಕೆಲವೇ ಜನರಿಗೆ ರುಚಿಸುವ ಇಂಥ ವಿಷಯಕ್ಕೆ ಒಂದು ಇಡೀ ಪುಟವನ್ನು ಮೀಸಲಿಟ್ಟ ತಮಗೆ ಕೃತಜ್ಞತೆ ಸಲ್ಲಬೇಕು. ಆದರೆ ಲೇಖನದ ಜೊತೆಗಿದ್ದ ಚಿತ್ರದ ಅಡಿಬರಹದಲ್ಲಿ ಒಂದು ತಪ್ಪು ನುಸುಳಿದೆ. ಲೇಖನದ ತೀರ್ಮಾನದಲ್ಲಿ ಅದಕ್ಕಿಂತ ದೊಡ್ಡ ತಪ್ಪಿದೆ. ಎರಡರ ಬೇರೂ ಒಂದೇ ಆಗಿರುವುದರಿಂದ ಈ ಪತ್ರ ತುಸು ದೀರ್ಘವಾಗಿದ್ದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಚಿತ್ರದಲ್ಲಿರುವ ಗಾಡಿಯನ್ನು ‘1938ರ ಬಿಎಂಡಬ್ಲ್ಯು ಆರ್ 35’ ಎಂದು ಹೆಸರಿಸಲಾಗಿದೆ. ಯುದ್ಧಕ್ಕೆ ಮುಂಚಿನ ಆರ್ 35ರ ಹಿಂಬದಿಗೆ ಸಸ್ಪೆನ್ಷನ್ ಎಂಬುದೇ ಇರಲಿಲ್ಲ. ಹಿಂಚಕ್ರ ನೇರವಾಗಿ ಫ್ರೇಮಿಗೆ ಕೂಡಿಕೊಂಡಿರುತ್ತಿತ್ತು ಮತ್ತು ಗೇರ್ ಬದಲಿಸಲು ಟ್ಯಾಂಕಿನ ಪಕ್ಕದಲ್ಲಿ ಕೈಯಿಂದ ಹಾಕುವ ಲಿವರ್ ಇತ್ತು. ಚಿತ್ರದ ಗಾಡಿಯಲ್ಲಾದರೋ ಹಿಂಚಕ್ರದ ಅಚ್ಚಿನ ಎರಡೂ ಬದಿಗೆ ನೆಟ್ಟಗೆ ನಿಂತ ಸ್ಪ್ರಿಂಗಿನ ಕೊಳವೆಗಳು, ಅಂದರೆ ಪ್ಲಂಜರ್ ಸಸ್ಪೆನ್ಷನ್, ಸ್ಪಷ್ಟವಾಗಿ ಕಾಣುತ್ತವೆ. ಗೇರ್ ಲಿವರ್ ಕಾಲಿನ ಬಳಿ ಇದೆ. ಇದು ಪೂರ್ವ ಜರ್ಮನಿಯ ಐಸೆನಾಖ್‌ನಲ್ಲಿ 1952ರಿಂದ 1955ರವರೆಗೆ ತಯಾರಾದ ಇಎಂಡಬ್ಲ್ಯು ಆರ್ 35/3. ಐಸೆನಾಖ್‌ನ ಬಿಎಂಡಬ್ಲ್ಯು ಕಾರ್ಖಾನೆ ಯುದ್ಧಾನಂತರ ಸೋವಿಯತ್ ಆಡಳಿತಕ್ಕೆ ಸೇರಿ, 1945ರಲ್ಲೇ ಅದೇ ಮಾದರಿಯನ್ನು ಮತ್ತೆ ತಯಾರಿಸತೊಡಗಿತು. ಹೆಸರಿನ ಹಕ್ಕಿನ ವಿಷಯದಲ್ಲಿ ಮ್ಯೂನಿಕ್‌ನ ಬಿಎಂಡಬ್ಲ್ಯು ತಕರಾರು ತೆಗೆದ ಮೇಲೆ ಲಾಂಛನದ ನೀಲಿ ಬಣ್ಣ ಕೆಂಪಾಯಿತು, ಹೆಸರು ಇಎಂಡಬ್ಲ್ಯು ಆಯಿತು. ಹಾಗೆ ನೋಡಿದರೆ ಇವತ್ತು ಬಿಎಂಡಬ್ಲ್ಯು ಲಾಂಛನ ಅಂಟಿಸಿಕೊಂಡು ಓಡಾಡುವ ಆರ್ 35ಗಳಲ್ಲಿ ಬಹಳಷ್ಟು ಕೆಂಪು ಲಾಂಛನಕ್ಕೆ ಹಕ್ಕುದಾರರಾದವು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಗಟ್ಟಿಮುಟ್ಟಾದ ಗಾಡಿ ಅದು.

ತಕರಾರು ಬರೀ ಹೆಸರಿನದಲ್ಲ. ಈ ಗಾಡಿಯ ಮಾಲೀಕರು ‘1938ರ ಆರ್ 35’ಕ್ಕೆಂದು ಹಿಂದಿನ ಮಡ್‌ಗಾರ್ಡು, ಗೇರ್ ಬಾಕ್ಸಿನ ಮುಚ್ಚಳ, ಕಾಲಿಡುವ ಕಂಬಿಗಳನ್ನು ತರಿಸಿಕೊಂಡರೆ ಒಂದೂ ಕೂರುವುದಿಲ್ಲ. ಮಾರಿದವರು ಮೋಸ ಮಾಡಿದರು ಎಂದು ಅವರಿಗೆ ಅನ್ನಿಸುತ್ತದೆ. ಇನ್ನೆರಡು ಸಲ ಹೀಗಾದರೆ ‘ಬಿಡಿಭಾಗ ಸಿಗುವುದಿಲ್ಲ, ಹೊಂದಿಕೆಯಾದದ್ದನ್ನು ಹಾಕಿಕೊಂಡು ಓಡಿಸುವುದೊಂದೇ ದಾರಿ’ ಎಂಬ ತಮ್ಮ ಲೇಖನದ ತೀರ್ಮಾನಕ್ಕೇ ಅವರೂ ಬಂದು ಮುಟ್ಟುತ್ತಾರೆ. ನನ್ನ ಆಕ್ಷೇಪ ಇರುವುದು ಈ ತೀರ್ಮಾನಕ್ಕೆ. ಹೆಸರಾಂತ ಜರ್ಮನ್ ಮಾದರಿಗಳ ಮಟ್ಟಿಗೆ ಭಾಗಗಳ ಕೊರತೆಗಿಂತ ಕೈಯಲ್ಲಿರುವ ಗಾಡಿ ಯಾವುದು, ಅದರಲ್ಲಿ ಈಗಾಗಲೇ ಕೂತಿರುವ ಭಾಗ ಯಾವುದರದ್ದು ಎಂಬುದನ್ನು ಓದಿ ತಿಳಿಯುವ ಅಭ್ಯಾಸದ ಕೊರತೆಯೇ ಹೆಚ್ಚು.

ಡಿಕೆಡಬ್ಲ್ಯು ಆರ್‌ಟಿ 125 ಎಂಬ ಪುಟ್ಟ ಟು-ಸ್ಟ್ರೋಕ್ ಗಾಡಿಯನ್ನೇ ತೆಗೆದುಕೊಳ್ಳಿ. ಸ್ಯಾಕ್ಸನಿಯ ಚೋಪಾವ್‌ನಲ್ಲಿ ಹರ್ಮನ್ ವೆಬರ್ ರೂಪಿಸಿದ ಈ ಮಾದರಿ 1939ರಲ್ಲಿ ಹೊರಬಂತು. ಯುದ್ಧ ಮುಗಿದ ಮೇಲೆ ಅದರ ನಕ್ಷೆಗಳು ಗೆದ್ದ ದೇಶಗಳ ಪಾಲಾಗಿ, ಬ್ರಿಟನ್ನಿನಲ್ಲಿ ಬಿಎಸ್‌ಎ ಬ್ಯಾಂಟಮ್ ಆಗಿ, ಅಮೆರಿಕದಲ್ಲಿ ಹಾರ್ಲೆ ಡೇವಿಡ್‌ಸನ್ನಿನ 125 ಸಿಸಿ ಗಾಡಿಯಾಗಿ, ಸೋವಿಯತ್ ಒಕ್ಕೂಟದಲ್ಲಿ ಮಾಸ್ಕ್ವಾ ಆಗಿ ಮತ್ತೆ ಹುಟ್ಟಿತು. 1955ರ ಯಮಾಹಾದ ಮೊದಲ ಗಾಡಿಯೂ ಇದರ ಪಡಿಯಚ್ಚೇ. ಜರ್ಮನಿಯೊಳಗೇ ಅದು ಎರಡು ಕವಲಾಯಿತು: ಪಶ್ಚಿಮದಲ್ಲಿ ಇಂಗೊಲ್‌ಸ್ಟಾಟ್‌ಗೆ ಹೋಗಿ ನೆಲೆಸಿದ ಡಿಕೆಡಬ್ಲ್ಯು 1949ರಿಂದ ಆರ್‌ಟಿ 125 ಡಬ್ಲ್ಯು ಹೆಸರಿನಲ್ಲಿ ತಯಾರಿಸಿದರೆ, ಪೂರ್ವದ ಚೋಪಾವ್‌ನಲ್ಲಿ ಅದು ಮೊದಲು ಐಎಫ್‌ಎ, ಆಮೇಲೆ ಎಂಜೆಡ್ ಆಯಿತು. ಹೀಗಿರುವಾಗ ‘ಆರ್‌ಟಿ 125ಕ್ಕೆ ಸಿಲಿಂಡರ್ ಬೇಕು’ ಎಂದು ಕೇಳುವವರು ಏನನ್ನೂ ಕೇಳಿದಂತಾಗುವುದಿಲ್ಲ. ಬ್ಯಾಂಟಮ್ ಎಂಜಿನ್ನಂತೂ ಮೂಲದ ಕನ್ನಡಿಬಿಂಬ. ಗೇರ್ ಲಿವರ್ ಬಲಕ್ಕೆ ಬರಲೆಂದು ಬ್ರಿಟಿಷರು ಅದನ್ನು ಎಡಬಲ ತಿರುಗಿಸಿದ್ದಲ್ಲದೆ ಬೋಲ್ಟುಗಳ ಥ್ರೆಡ್ಡನ್ನೂ ತಮ್ಮ ದೇಶದ ಪದ್ಧತಿಗೆ ಬದಲಾಯಿಸಿದರು. ಅದರ ಬೋಲ್ಟನ್ನು ಜರ್ಮನ್ ಕ್ರ್ಯಾಂಕ್‌ಕೇಸಿಗೆ ಬಲವಂತವಾಗಿ ತಿರುಗಿಸಿದರೆ ಅಲ್ಯುಮಿನಿಯಮ್ಮಿನ ಥ್ರೆಡ್ ಹಾಳಾಗುವುದೊಂದೇ ಫಲ.

ಆದ್ದರಿಂದ ಮೊದಲ ಕೆಲಸ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಓದುವುದು. 1950ರ ದಶಕದ ಮತ್ತು 1960ರ ದಶಕದ ಬಿಎಂಡಬ್ಲ್ಯು ಅವಳಿ ಸಿಲಿಂಡರ್ ಗಾಡಿಗಳಲ್ಲಿ ಎರಡೂ ಒಂದೇ ಸಂಖ್ಯೆಯಾಗಿ ಕಾರ್ಖಾನೆಯಿಂದ ಹೊರಬರುತ್ತಿದ್ದವು. ಬೇರೆಯಾಗಿದ್ದರೆ ಎಂಜಿನ್ನೋ ಫ್ರೇಮೋ ಎಲ್ಲೋ ಬದಲಾಗಿದೆ ಎಂದು ತಿಳಿಯಬೇಕು. 1969ರಲ್ಲಿ ಬರ್ಲಿನ್‌ನ ಸ್ಪಾಂಡಾವ್ ಕಾರ್ಖಾನೆಯಿಂದ ಶುರುವಾದ ಆರ್ 50/5, ಆರ್ 60/5, ಆರ್ 75/5 ಸರಣಿಯಲ್ಲೂ ಇದೇ ಕ್ರಮ; ಅಲ್ಲಿ ಎಂಜಿನ್ ನಂಬರ್ ಎಡಬದಿಯಲ್ಲಿ, ಆಯಿಲ್ ಅಳೆಯುವ ಕಡ್ಡಿಯ ಮೇಲ್ಗಡೆ ಸಿಗುತ್ತದೆ. ಯುದ್ಧಪೂರ್ವದ ಗಾಡಿಗಳಿಗೆ ಈ ನಿಯಮ ಹಚ್ಚಬಾರದು. ಅವುಗಳಲ್ಲಿ ಎಂಜಿನ್ನಿಗೂ ಫ್ರೇಮಿಗೂ ಬೇರೆ ಬೇರೆ ಸಂಖ್ಯೆಗಳಿರುವುದು ಸಹಜ, ಹಾಗಾಗಿ ಅಲ್ಲಿ ಎರಡೂ ಒಂದೇ ಆಗಿದ್ದರೆ ಖುಷಿಪಡುವ ಬದಲು ಅನುಮಾನಪಡಬೇಕಾಗುತ್ತದೆ. ಮ್ಯೂನಿಕ್‌ನ ಬಿಎಂಡಬ್ಲ್ಯು ಗ್ರೂಪ್ ಕ್ಲಾಸಿಕ್‌ಗೆ ಸಂಖ್ಯೆ ಕಳುಹಿಸಿದರೆ ಅಲ್ಲಿನ ದಾಖಲೆಗಳಲ್ಲಿ ಇರುವಷ್ಟರ ಮಟ್ಟಿಗೆ ಗಾಡಿ ತಯಾರಾದ ದಿನ, ಮೊದಲು ಎಲ್ಲಿಗೆ ಹೋಯಿತು ಎಂಬ ವಿವರ ದೊರೆಯುತ್ತದೆ. ಡಿಕೆಡಬ್ಲ್ಯು ಸೇರಿದಂತೆ ಆಟೋ ಯೂನಿಯನ್ನಿನ ಯುದ್ಧಪೂರ್ವದ ಕಡತಗಳು ಕೆಮ್ನಿಟ್ಸ್‌ನಲ್ಲಿರುವ ಸ್ಯಾಕ್ಸನಿ ರಾಜ್ಯದ ಪತ್ರಾಗಾರದಲ್ಲಿವೆ. ಅಳಿಸಿಹೋದ ಸಂಖ್ಯೆಯನ್ನು ಅಂದಾಜಿನ ಮೇಲೆ ಮತ್ತೆ ಕೊರೆಸುವ ‘ಸೇವೆ’ಯನ್ನು ಕೆಲವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಜರ್ಮನ್ ಕಾನೂನಿನಲ್ಲಿ ಚಾಸಿ ನಂಬರನ್ನು ಹೀಗೆ ತಿದ್ದುವುದು ದಸ್ತಾವೇಜು ತಿದ್ದುವ ಅಪರಾಧಕ್ಕೆ ಸಮ ಎಂಬುದನ್ನು ತಿಳಿಸದೆ ಲೇಖನಗಳು ಅದನ್ನು ಹೊಗಳಬಾರದು.

ನಂಬರ್ ಗಾಡಿಯ ಹೆಸರನ್ನಷ್ಟೇ ಹೇಳುತ್ತದೆ. ಐವತ್ತು ಅರವತ್ತು ವರ್ಷ ಹಲವರ ಕೈದಾಟಿ ಬಂದ ಗಾಡಿಯಲ್ಲಿ ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಬಂದದ್ದು ಎಂಬುದನ್ನು ಆಯಾ ಭಾಗದ ಮೈಮೇಲಿನ ಬರಹವೇ ಹೇಳಬೇಕು. ಜರ್ಮನ್ ಕಾರ್ಖಾನೆಗಳು ಬಿಡಿಭಾಗಗಳನ್ನು ಹೆಚ್ಚಾಗಿ ಹೊರಗಿನ ತಯಾರಕರಿಂದ ತರಿಸುತ್ತಿದ್ದವು: ವಿದ್ಯುತ್ ಸಾಮಗ್ರಿ ಬಾಷ್ ಅಥವಾ ನೋರಿಸ್, ಕಾರ್ಬುರೇಟರ್ ಬಿಂಗ್ ಅಥವಾ ಅದಕ್ಕೂ ಮುಂಚೆ ಅಮಲ್-ಫಿಶರ್, ಮೀಟರ್ ವಿಡಿಒ ಅಥವಾ ಫೈಗಲ್, ಹಿಡಿಕೆ ಮತ್ತು ಲಿವರ್ ಮಗೂರಾ, ಸೀಟು ಪಗೂಸಾ ಅಥವಾ ಡೆನ್‌ಫೆಲ್ಡ್, ಪೆಟ್ರೋಲ್ ಕಾಕ್ ಎವರ್‌ಬೆಸ್ಟ್. ಈ ತಯಾರಕರು ತಮ್ಮ ಹೆಸರನ್ನೂ ಮಾದರಿಯ ಸಂಕೇತವನ್ನೂ ಭಾಗದ ಮೇಲೆ ಒತ್ತುತ್ತಿದ್ದರು. ಗ್ರೀಸು ಮತ್ತು ಮಣ್ಣಿನ ಪದರವನ್ನು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರಗಳು ಎದ್ದು ಕಾಣುತ್ತವೆ. ವೈರ್ ಬ್ರಷ್ಷನ್ನೋ ಮರಳು ಎರಚುವ ಯಂತ್ರವನ್ನೋ ಮೊದಲೇ ಬಳಸಿದರೆ ಗಾಡಿ ಫಳಫಳ ಹೊಳೆಯಬಹುದು, ಆದರೆ ಅದರ ಜಾತಕ ಅಲ್ಲಿಗೆ ಅಳಿಸಿಹೋದಂತೆ.

ಒಂದು ಡೈನಮೊದ ಮೇಲೆ ‘ಎಲ್‌ಜೆ/ಸಿಜಿಇ 60/6/1700 ಆರ್’ ಎಂದು ಇದ್ದರೆ ಅದು ಬಾಷ್‌ನದು. 60 ವ್ಯಾಟ್, 6 ವೋಲ್ಟ್, ನಿಮಿಷಕ್ಕೆ 1700 ಸುತ್ತಿನ ಲೆಕ್ಕ, ಕೊನೆಯ ಅಕ್ಷರ ಬಲಕ್ಕೆ ತಿರುಗುವುದನ್ನು ಸೂಚಿಸುತ್ತದೆ. 1955ರಿಂದ 1969ರವರೆಗಿನ, ಅರ್ಲ್ಸ್ ಎಂಬ ಬಗೆಯ ಮುಂದಿನ ಫೋರ್ಕಿನ ಬಿಎಂಡಬ್ಲ್ಯು ಅವಳಿ ಸಿಲಿಂಡರ್ ಗಾಡಿಗಳಿಗೆ ಹೊಂದುವ ಡೈನಮೊ ಇದು. ನೋಡಲು ಅದೇ ಅಳತೆಯ, ಆದರೆ ಎಡಕ್ಕೆ ತಿರುಗುವ ಇನ್ನೊಂದನ್ನು ಯಾರಾದರೂ ಕಡಿಮೆ ಬೆಲೆಗೆ ಕೊಟ್ಟರೆ ಅದನ್ನು ಕೂರಿಸಬಹುದು, ಚಾರ್ಜ್ ಮಾಡಿಸುವುದು ಕಷ್ಟ. ಬಿಂಗ್ ಕಾರ್ಬುರೇಟರಿನ ಮೈಮೇಲೆ ‘1/26/46’ ಎಂಬಂತೆ ಮೂರು ಸಂಖ್ಯೆಗಳಿರುತ್ತವೆ. ಮಧ್ಯದ 26 ಎಂದರೆ ಗಾಳಿ ಹಾಯುವ ತೂತಿನ ವ್ಯಾಸ ಮಿಲಿಮೀಟರಿನಲ್ಲಿ. ಕೊನೆಯದು ಯಾವ ಗಾಡಿಗೆ ಹೊಂದಿಸಿದ ರೂಪ ಎಂಬುದರ ಸಂಖ್ಯೆ. ಉದಾಹರಿಸಿದ್ದು ಬಿಎಂಡಬ್ಲ್ಯು ಆರ್ 26ಕ್ಕೆ ಸೇರಿದ್ದು. ಅವಳಿ ಸಿಲಿಂಡರ್ ಗಾಡಿಗಳಲ್ಲಿ ಎಡ ಬಲಗಳಿಗೆ ಕೊನೆಯ ಸಂಖ್ಯೆ ಬೇರೆಯಾಗಿರುತ್ತದೆ. ಎರಡು ಎಡಗಡೆಯ ಕಾರ್ಬುರೇಟರ್‌ಗಳನ್ನು ‘ಜೋಡಿ’ ಎಂದು ಕೊಂಡು ತಂದವರು ಕಡಿಮೆಯೇನಿಲ್ಲ.

ಬೋಲ್ಟಿನ ತಲೆಯನ್ನಂತೂ ಯಾರೂ ಓದುವುದಿಲ್ಲ, ಆದರೆ ಗಾಡಿಯನ್ನು ಹಿಂದೆ ಯಾರಾದರೂ ಬಿಚ್ಚಿದ್ದಾರೆಯೇ ಎಂಬ ಪ್ರಶ್ನೆಗೆ ಅಷ್ಟು ಪ್ರಾಮಾಣಿಕವಾದ ಸಾಕ್ಷಿ ಬೇರೆ ಇಲ್ಲ. 1950ರ ದಶಕದ ಜರ್ಮನ್ ಬೋಲ್ಟುಗಳ ತಲೆಯ ಮೇಲೆ ಬಲದ ದರ್ಜೆಯನ್ನು ‘8ಜಿ’, ‘10ಕೆ’ ಎಂದು ಒತ್ತುತ್ತಿದ್ದರು. ಅವೇ ದರ್ಜೆಗಳು ಆಮೇಲೆ 8.8 ಮತ್ತು 10.9 ಆದವು. 1953ರ ಗಾಡಿಯ ಸಿಲಿಂಡರ್ ಹೆಡ್ಡಿನ ಬಳಿ 8.8 ಎಂದು ಬರೆದ ಬೋಲ್ಟು ಕಂಡರೆ, ಅಲ್ಲಿಗೆ ಬಹಳ ವರ್ಷಗಳ ನಂತರ ಯಾರದೋ ಸ್ಪ್ಯಾನರ್ ಹೋಗಿತ್ತು ಎಂದು ಧಾರಾಳವಾಗಿ ಹೇಳಬಹುದು. ಅಳತೆಯಲ್ಲೂ ವ್ಯತ್ಯಾಸವಿದೆ. ಹಳೆಯ ಕ್ರಮದಲ್ಲಿ 8 ಮಿಲಿಮೀಟರ್ ಬೋಲ್ಟಿನ ತಲೆಗೆ 14ರ ಸ್ಪ್ಯಾನರ್ ಬೇಕಿತ್ತು, ಈಗಿನದಕ್ಕೆ 13 ಸಾಕು. ದೀಪದ ಗಾಜುಗಳೂ ಹೀಗೆಯೇ ಮಾತನಾಡುತ್ತವೆ: ವೃತ್ತದೊಳಗೆ ‘ಇ’ ಅಕ್ಷರವಿರುವ ಅಂತರರಾಷ್ಟ್ರೀಯ ಮುದ್ರೆಗೆ ಮೂಲವಾದ ಜಿನೀವಾ ಒಪ್ಪಂದ ಆದದ್ದೇ 1958ರಲ್ಲಿ. ಅದಕ್ಕೂ ಹಿಂದಿನ ಜರ್ಮನ್ ದೀಪಗಳ ಮೇಲೆ ಅಲೆಯಂತೆ ಬಳುಕಿದ ಗೆರೆ ಮತ್ತು ಒಂದು ಸಂಖ್ಯೆ ಇರುತ್ತದೆ. 1951ರದೆಂದು ಹೇಳುವ ಗಾಡಿಯ ಹಿಂದಿನ ದೀಪದಲ್ಲಿ ‘ಇ’ ಮುದ್ರೆ ಇದ್ದರೆ ಅದನ್ನು ‘ಕಾರ್ಖಾನೆಯಿಂದ ಬಂದ ಹಾಗೇ ಇದೆ’ ಎಂದು ಬರೆಯುವುದು ತರವಲ್ಲ.

ಇನ್ನು ಹಿಂಚಕ್ರದ ಬೆವೆಲ್ ಗೇರ್, ಅಂದರೆ ಶಾಫ್ಟಿನ ತಿರುಗಾಟವನ್ನು ಚಕ್ರಕ್ಕೆ ದಾಟಿಸುವ ಓರೆಹಲ್ಲಿನ ಗೇರ್. ಆರ್ 75/5ಕ್ಕೆ 32:10, ಆರ್ 60/5ಕ್ಕೆ 37:11, ಆರ್ 50/5ಕ್ಕೆ 32:9 ಎಂಬ ಹಲ್ಲುಗಳ ಅನುಪಾತ. ಸಂಖ್ಯೆಯನ್ನು ಹೊರಕವಚದ ಮೇಲೇ ಕೊರೆದಿರುತ್ತಾರೆ. ಮೂರರ ಹೊರರೂಪವೂ ಒಂದೇ, ಜೋಡಣೆಯೂ ಒಂದೇ, ಆದ್ದರಿಂದ ಅವು ಗಾಡಿಯಿಂದ ಗಾಡಿಗೆ ಸುಲಭವಾಗಿ ವಲಸೆ ಹೋಗಿವೆ. ಈ ಗಾಡಿಗಳಲ್ಲಿ ಮೀಟರಿನ ಕೇಬಲ್ ಗೇರ್ ಬಾಕ್ಸಿನಿಂದ ಹೊರಡುವುದರಿಂದ ಹಿಂದಿನ ಅನುಪಾತ ಬದಲಾದೊಡನೆ ಮೀಟರ್ ಸುಳ್ಳು ಹೇಳತೊಡಗುತ್ತದೆ. ವಿಡಿಒ ಮೀಟರಿನ ಮುಖದ ಮೇಲೆ ಸಣ್ಣಕ್ಷರದಲ್ಲಿ ‘ಡಬ್ಲ್ಯು’ ಎಂಬ ಅಕ್ಷರದ ಪಕ್ಕದಲ್ಲಿರುವ ಸಂಖ್ಯೆ, ಗಾಡಿ ಒಂದು ಮೀಟರ್ ದೂರ ಸಾಗಿದಾಗ ಕೇಬಲ್ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು ಹೇಳುತ್ತದೆ. ಗೇರಿನ ಅನುಪಾತಕ್ಕೂ ಈ ಸಂಖ್ಯೆಗೂ ತಾಳೆ ನೋಡದೆ ಮೀಟರ್ ಕೊಳ್ಳುವುದು ದಂಡ.

ಅಷ್ಟೇನೂ ಹೆಸರಿಲ್ಲದ ಹಗುರ ಗಾಡಿಗಳ ಮಾಲೀಕರಿಗೆ ಇದಕ್ಕಿಂತ ಸುಲಭವಾದ ದಾರಿಯಿದೆ, ಆದರೆ ಅದು ಟ್ಯಾಂಕಿನ ಮೇಲಿನ ಹೆಸರಿನಿಂದ ಶುರುವಾಗುವುದಿಲ್ಲ. ಯುದ್ಧಾನಂತರದ ಪಶ್ಚಿಮ ಜರ್ಮನಿಯ ಅನೇಕ ಸಣ್ಣ ಕಂಪನಿಗಳು ಫ್ರೇಮನ್ನು ಮಾತ್ರ ತಯಾರಿಸಿ, ಎಂಜಿನ್ನನ್ನು ಶ್ವೈನ್‌ಫುರ್ಟ್‌ನ ಫಿಶ್ಟೆಲ್ ಮತ್ತು ಸಾಕ್ಸ್‌ನಿಂದಲೋ ಪಿನ್ನೆಬರ್ಗ್‌ನ ಇಲೊದಿಂದಲೋ ಕೊಳ್ಳುತ್ತಿದ್ದವು. ಎಂದೋ ಮುಚ್ಚಿಹೋದ ಕಂಪನಿಯ ಹೆಸರಿನಲ್ಲಿ ಪಿಸ್ಟನ್ ಹುಡುಕಿದರೆ ಏನೂ ಸಿಗದು. ಎಂಜಿನ್ನಿನ ಮೇಲಿನ ಸಾಕ್ಸ್ ಸಂಖ್ಯೆಯನ್ನು ಹಿಡಿದು ಹುಡುಕಿದರೆ ಅದೇ ಪಿಸ್ಟನ್ ಬೇರೆ ನಾಲ್ಕಾರು ಹೆಸರಿನ ಗಾಡಿಗಳ ಭಾಗವಾಗಿ ಎದುರಾಗುತ್ತದೆ.

ಬೇರಿಂಗು ಮತ್ತು ಆಯಿಲ್ ಸೀಲುಗಳ ವಿಷಯದಲ್ಲಿ ಅಪರೂಪ ಎಂಬ ಮಾತೇ ಹೆಚ್ಚಿನ ಸಂದರ್ಭಗಳಲ್ಲಿ ಅನವಶ್ಯಕ, ಏಕೆಂದರೆ ಅವು ಅಂತರರಾಷ್ಟ್ರೀಯ ಅಳತೆಯವು. 6304 ಎಂಬ ಬೇರಿಂಗಿನ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ 20 ಮಿಲಿಮೀಟರ್ ಎಂದು ತಿಳಿಯುತ್ತದೆ. ಹೊರವ್ಯಾಸ 52, ದಪ್ಪ 15. ಸ್ವಾರಸ್ಯವೆಂದರೆ 6205ರ ಹೊರವ್ಯಾಸ ಮತ್ತು ದಪ್ಪ ಕೂಡ ಅವೇ, ಒಳವ್ಯಾಸ ಮಾತ್ರ 25. ಹಿಂದೆ ಯಾರೋ ಸವೆದ ಶಾಫ್ಟಿಗೆ ಲೇತಿನಲ್ಲಿ ಪೊರೆ ಹಾಕಿಸಿ ಬೇರಿಂಗ್ ಬದಲಾಯಿಸಿದ್ದರೆ ಇದನ್ನು ಅಳೆದೇ ಕಂಡುಕೊಳ್ಳಬೇಕು, ಪುಸ್ತಕ ನೋಡಿ ಅಲ್ಲ. ಸೀಲುಗಳ ಮೇಲೆಯೂ ಒಳವ್ಯಾಸ, ಹೊರವ್ಯಾಸ, ದಪ್ಪ ಇದೇ ಕ್ರಮದಲ್ಲಿ ಬರೆದಿರುತ್ತಾರೆ. ಒಂದು ವರ್ನಿಯರ್ ಕ್ಯಾಲಿಪರ್ ಇದ್ದವರು ಇಂಥ ಸಾಮಾನಿಗೆ ‘ವಿಂಟೇಜ್’ ಬೆಲೆ ತೆರಬೇಕಾಗಿಲ್ಲ.

ಬಿಎಂಡಬ್ಲ್ಯುವಿನ ಈಗಿನ ಪಾರ್ಟ್ ನಂಬರ್ 11 ಅಂಕಿಗಳದ್ದು. ಮೊದಲ ಎರಡು ಅಂಕಿ ಗಾಡಿಯ ಯಾವ ವಿಭಾಗ ಎಂಬುದನ್ನು ಹೇಳುತ್ತವೆ. 11 ಎಂಜಿನ್, 13 ಇಂಧನ, 21 ಕ್ಲಚ್, 23 ಗೇರ್ ಬಾಕ್ಸ್, 31 ಮುಂದಿನ ಫೋರ್ಕ್, 33 ಹಿಂದಿನ ಡ್ರೈವ್, 34 ಬ್ರೇಕ್, 61 ವಿದ್ಯುತ್. ಹಳೆಯ ಪಾರ್ಟ್ಸ್ ಪುಸ್ತಕಗಳಲ್ಲಿ ಬೇರೆ ಕ್ರಮದ ಸಂಖ್ಯೆಗಳಿರುವುದರಿಂದ ಎರಡನ್ನೂ ಪಕ್ಕಪಕ್ಕ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಎಚ್ಚರ ಬೇಕಾದ ಜಾಗ ಮತ್ತೊಂದಿದೆ. ಅಲ್ಯುಮಿನಿಯಮ್ ಭಾಗದ ಮೇಲೆ ಉಬ್ಬಾಗಿ ಮೂಡಿರುವ ಸಂಖ್ಯೆ ಎರಕದ್ದು, ಪಾರ್ಟ್ ನಂಬರ್ ಅಲ್ಲ. ಒಂದೇ ಎರಕದಿಂದ ಬೇರೆ ಬೇರೆ ತೂತು ಕೊರೆದು, ಬೇರೆ ಬೇರೆ ಅಳತೆಗೆ ಕಡೆದು ಎರಡು ಮೂರು ಮಾದರಿಗೆ ಬಳಸುವುದು ಎಲ್ಲ ಕಾರ್ಖಾನೆಗಳ ರೂಢಿ. ಎರಕದ ಸಂಖ್ಯೆಯ ಫೋಟೊ ನೋಡಿ ಹಣ ಕಳುಹಿಸುವವರು, ಕೂರುವ ಮುಖದ ಅಳತೆಯನ್ನೂ ತೂತುಗಳ ನಡುವಿನ ಅಂತರವನ್ನೂ ಕೇಳಿ ತಿಳಿದುಕೊಳ್ಳದಿದ್ದರೆ ಆಮೇಲೆ ದೂರುವಂತಿಲ್ಲ.

ಕೊಳ್ಳಬೇಕಾದ ಭಾಗಗಳ ಪಟ್ಟಿ ಬರೆಯುವುದು ಎಂಜಿನ್ ಬಿಚ್ಚಿದ ಮೇಲೆ, ಬಿಚ್ಚುವ ಮೊದಲಲ್ಲ. ಆರ್ 51/3ರಿಂದ ಆರ್ 69 ಎಸ್‌ವರೆಗಿನ ಬಿಎಂಡಬ್ಲ್ಯು ಎಂಜಿನ್ನುಗಳ ಕ್ರ್ಯಾಂಕಿನ ಮೇಲೆ ಎರಡು ತಟ್ಟೆಗಳಿರುತ್ತವೆ. ತಿರುಗುವ ರಭಸಕ್ಕೆ ಆಯಿಲಿನಲ್ಲಿರುವ ಕಸ ಈ ತಟ್ಟೆಗಳ ಅಂಚಿಗೆ ಹೋಗಿ ಕೂರುತ್ತದೆ, ಶುದ್ಧ ಆಯಿಲ್ ಕನೆಕ್ಟಿಂಗ್ ರಾಡಿನ ಬೇರಿಂಗಿಗೆ ಹೋಗುತ್ತದೆ. ಕಾಗದದ ಫಿಲ್ಟರ್ ಇಲ್ಲದ ಎಂಜಿನ್ನಿಗೆ ಇದು ಜಾಣ ಏರ್ಪಾಡು. ಆದರೆ ತಟ್ಟೆ ತುಂಬಿಕೊಂಡ ದಿನ ಬೇರಿಂಗಿಗೆ ಆಯಿಲ್ ನಿಂತುಹೋಗುತ್ತದೆ. ಕ್ರ್ಯಾಂಕನ್ನು ಹೊರತೆಗೆಯದೆ ಅದನ್ನು ಶುಚಿ ಮಾಡಲಾಗದು, ಹೊರಗಿನಿಂದ ನೋಡಿ ಅದರ ಸ್ಥಿತಿ ತಿಳಿಯಲಾಗದು. ಒಳ್ಳೆಯ ಸದ್ದಿನಲ್ಲಿ ಓಡುತ್ತಿರುವ ಎಂಜಿನ್ ಎಂಬ ಕಾರಣಕ್ಕೆ ಕ್ರೋಮಿಗೂ ಬಣ್ಣಕ್ಕೂ ಹಣ ಸುರಿದು, ಕ್ರ್ಯಾಂಕಿಗೆ ಏನೂ ಉಳಿಸಿಕೊಳ್ಳದ ಯೋಜನೆಗಳನ್ನು ತಮ್ಮ ಲೇಖನ ಮಾದರಿ ಎಂದು ತೋರಿಸಿರುವುದು ನನಗೆ ಸರಿ ಕಾಣಲಿಲ್ಲ.

ಒಂದರ ಭಾಗ ಇನ್ನೊಂದಕ್ಕೆ ಆಗುತ್ತದೆ ಎಂಬ ಮಾತಿನಲ್ಲಿ ಸತ್ಯವೂ ಇದೆ, ಸುಳ್ಳೂ ಇದೆ. ಯುದ್ಧಕಾಲದ ಬಿಎಂಡಬ್ಲ್ಯು ಆರ್ 75 ಮತ್ತು ತ್ಸುಂಡಾಪ್ ಕೆಎಸ್ 750, ಸೈಡ್‌ಕಾರಿನ ಚಕ್ರಕ್ಕೂ ಎಂಜಿನ್ ಶಕ್ತಿ ಹೋಗುವ ಆ ಎರಡು ಭಾರಿ ಗಾಡಿಗಳು, ಸೇನೆಯ ಒತ್ತಾಯದಿಂದಲೇ ಅನೇಕ ಭಾಗಗಳನ್ನು ಹಂಚಿಕೊಂಡವು. ಹಾಗೆಂದು ಎಂಜಿನ್ ಒಂದೇ ಅಲ್ಲ. ಬಿಎಂಡಬ್ಲ್ಯುವಿನ ಸಿಲಿಂಡರ್‌ಗಳು ನೆಲಕ್ಕೆ ಸಮನಾಗಿ ಚಾಚಿಕೊಂಡಿದ್ದರೆ ತ್ಸುಂಡಾಪ್‌ನವು ಎರಡೂ ಕಡೆ ತುಸು ಮೇಲಕ್ಕೆ ಎತ್ತಿಕೊಂಡಿರುತ್ತವೆ; ನಡುವಿನ ಕೋನ 170 ಡಿಗ್ರಿ. ತ್ಸುಂಡಾಪ್‌ನದೇ ಕೆಎಸ್ 601 ಗಾಡಿಯ ಗೇರ್ ಬಾಕ್ಸಿನೊಳಗೆ ಗೇರ್‌ಚಕ್ರಗಳ ಬದಲು ಚೈನುಗಳಿವೆ ಎಂಬುದನ್ನು ಅರಿಯದೆ ಬೇರೆ ಗಾಡಿಯ ಗೇರುಗಳನ್ನು ಅದಕ್ಕೆ ಹೊಂದಿಸಲು ಹೊರಟರೆ ಏನಾಗಬಹುದು ಎಂಬುದನ್ನು ವಿವರಿಸಬೇಕಾಗಿಲ್ಲ. ಐಸೆನಾಖ್‌ನ ಆರ್ 35 ಹಾಗೂ ಸುಹ್ಲ್‌ನ ಸಿಮ್‌ಸನ್ ಕಾರ್ಖಾನೆಯ ಅವೊ 425 ಎರಡಕ್ಕೂ ಒಂದು ಸಿಲಿಂಡರ್, ಎರಡಕ್ಕೂ ಶಾಫ್ಟ್ ಡ್ರೈವ್, ಎರಡೂ ಪೂರ್ವ ಜರ್ಮನಿಯವು. ಭಾಗಗಳು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದವು.

ಸುಳ್ಳಿನ ದೊಡ್ಡ ಮಾರುಕಟ್ಟೆ ಇರುವುದು ಆರ್ 71ರ ಸುತ್ತ. 1938ರಿಂದ 1941ರವರೆಗೆ ತಯಾರಾದ ಈ 745 ಸಿಸಿ ಸೈಡ್-ವಾಲ್ವ್ ಗಾಡಿಯನ್ನು ಆಧರಿಸಿ ಸೋವಿಯತ್ ಒಕ್ಕೂಟ 1941ರಲ್ಲಿ ಎಂ-72 ತಯಾರಿಸತೊಡಗಿತು. ಇರ್ಬಿಟ್‌ನ ಉರಾಲ್ ಮತ್ತು ಕೀವ್‌ನ ನೀಪರ್ ಗಾಡಿಗಳು ಆ ವಂಶದವು, ಚೀನಾದ ಚಾಂಗ್ ಜಿಯಾಂಗ್ ಕೂಡ. ಪೂರ್ವ ಯುರೋಪಿನ ಗಡಿಗಳು ತೆರೆದ ಮೇಲೆ ಇವುಗಳಿಗೆ ಬಿಎಂಡಬ್ಲ್ಯು ಲಾಂಛನ, ಹೊಸ ಫಲಕ, 7021 ಸಂಖ್ಯೆಯ ಗಾಢ ಬೂದು ಬಣ್ಣ ಬಳಿದು ‘ಯುದ್ಧಕಾಲದ ಜರ್ಮನ್ ಗಾಡಿ’ ಎಂದು ಮಾರುವ ವ್ಯವಹಾರ ಬೆಳೆದಿದೆ. ಎಂ-72ರ ಭಾಗವನ್ನು ಎಂ-72ರದೆಂದೇ ಹೇಳಿ ಮಾರುವುದಕ್ಕೆ ನನ್ನ ತಕರಾರಿಲ್ಲ. ಮೂಲದ್ದು ಸಿಗುವತನಕ ಗಾಡಿ ನಿಲ್ಲಬಾರದೆಂದು ಅದನ್ನು ಹಾಕಿಕೊಳ್ಳುವವರು ಅಳೆದು, ಬೇಕಾದಲ್ಲಿ ಕಡೆದು ಹಾಕಿಕೊಳ್ಳಲಿ. ಬೆಲೆ ಮಾತ್ರ ಆರ್ 71ರದ್ದಾಗಿರಬಾರದು.

ಹಾಗಾದರೆ ಎಲ್ಲಿ ಹುಡುಕಬೇಕು? ಬಿಎಂಡಬ್ಲ್ಯು ಒಂದೇ ತನ್ನ ಹಳೆಯ ಮೋಟಾರ್ ಸೈಕಲ್‌ಗಳ ಭಾಗಗಳನ್ನು ತಕ್ಕಮಟ್ಟಿಗೆ ಈಗಲೂ ಪೂರೈಸುತ್ತಿರುವ ಕಂಪನಿ. /5 ಸರಣಿ ಮತ್ತು ಅದರ ನಂತರದವುಗಳಿಗೆ ಸಾಮಾನು ಸಿಗುವ ಮಟ್ಟವನ್ನು ನೋಡಿದರೆ ಹೊಸ ಗಾಡಿಗಳ ಮಾಲೀಕರೇ ಅಸೂಯೆಪಡಬೇಕು. ತ್ಸುಂಡಾಪ್ 1984ರಲ್ಲಿ ದಿವಾಳಿಯಾಗಿ ಅದರ ಯಂತ್ರಗಳು ಚೀನಾಕ್ಕೆ ಹೋದವು. ಎನ್‌ಎಸ್‌ಯು 1969ರಲ್ಲಿ ಆಟೋ ಯೂನಿಯನ್ನಿನೊಡನೆ ವಿಲೀನವಾಯಿತು. ಈಗ ಆ ಪರಂಪರೆಯನ್ನು ಆಡಿ ಕಂಪನಿಯ ಆಡಿ ಟ್ರೆಡಿಷನ್ ವಿಭಾಗ ನೋಡಿಕೊಳ್ಳುತ್ತದೆ. ಎಂಜೆಡ್‌ನ ಇಟಿಜೆಡ್ ಮಾದರಿಯ ಅಚ್ಚುಗಳು ಟರ್ಕಿಯ ಕನೂನಿ ಕಂಪನಿಗೆ ಹೋದದ್ದರಿಂದ ಅದರ ಭಾಗಗಳ ಒಂದು ದಾರಿ ಅಲ್ಲಿಂದಲೂ ಇದೆ. ಮಿಕ್ಕಂತೆ ಮಾದರಿವಾರು ಕ್ಲಬ್ಬುಗಳು, ಒಂದೊಂದೇ ಹೆಸರಿನ ಗಾಡಿಗೆ ಮೀಸಲಾದ ಸಣ್ಣ ಅಂಗಡಿಗಳು, ಮತ್ತು ಶರತ್ಕಾಲದಲ್ಲಿ ಮಾನ್‌ಹೈಮ್‌ನಲ್ಲಿ ನಡೆಯುವ ವೆಟರಾಮಾದಂಥ ಬಿಡಿಭಾಗಗಳ ಸಂತೆಗಳೇ ಗತಿ. ಸಂತೆಗೆ ಹೋಗುವವರು ಹಾಳಾದ ಹಳೆಯ ಭಾಗವನ್ನೇ ಜೊತೆಗೆ ಒಯ್ಯಬೇಕು. ನೆನಪಿಗಿಂತ, ಮೊಬೈಲಿನ ಫೋಟೊಗಿಂತ, ಕೈಯಲ್ಲಿರುವ ಕಬ್ಬಿಣದ ತುಂಡು ಲೇಸು. ಎನ್‌ಎಸ್‌ಯು ಮ್ಯಾಕ್ಸ್ ಗಾಡಿಯ ಮಾಲೀಕರಿಗೆ ವಿಶೇಷವಾಗಿ ಒಂದು ಮಾತು: 1952ರಲ್ಲಿ ಬಂದ ಈ 247 ಸಿಸಿ ಎಂಜಿನ್ನಿನ ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಚೈನಲ್ಲ, ಎಕ್ಸೆಂಟ್ರಿಕ್‌ಗಳ (ನಡು ತಪ್ಪಿಸಿ ಕೂರಿಸಿದ ಬಿಲ್ಲೆಗಳ) ಮೇಲೆ ಕೂತ ಉದ್ದನೆಯ ರಾಡುಗಳು. ಅವುಗಳನ್ನು ಬಿಡಿಬಿಡಿಯಾಗಿ ಬೇರೆ ಬೇರೆ ಕಡೆಯಿಂದ ಕೂಡಿಸುವ ಬದಲು, ಸವೆತ ಕಡಿಮೆಯಿರುವ ಒಂದೇ ಎಂಜಿನ್ನಿನ ಇಡೀ ಜೋಡಿಯನ್ನು ಕೊಳ್ಳುವುದು ಕ್ಷೇಮ.

ಹಳೆಯ ದಾಸ್ತಾನಿನ, ಪೊಟ್ಟಣ ಒಡೆಯದ ಸಾಮಾನು ಕಂಡರೆ ಎಲ್ಲರ ಕಣ್ಣೂ ಅರಳುತ್ತದೆ. ರಬ್ಬರ್ ಸೀಲು, ಮ್ಯಾಗ್ನೆಟೊ ಕಂಡೆನ್ಸರ್‌ಗಳು ಪೊಟ್ಟಣದೊಳಗೇ ಮುದಿಯಾಗಿರುತ್ತವೆ. ಅವನ್ನು ಕೊಳ್ಳುವುದು ಕಪಾಟಿನಲ್ಲಿಡುವುದಕ್ಕೆ ಮಾತ್ರ. ಬ್ರೇಕ್ ಲೈನಿಂಗ್ ಮತ್ತು ಗ್ಯಾಸ್ಕೆಟ್‌ಗಳ ಅಪಾಯ ಬೇರೆ ರೀತಿಯದು. ಆ ಕಾಲದವುಗಳಲ್ಲಿ ಕಲ್ನಾರು ಇರುತ್ತದೆ, ಜರ್ಮನಿಯಲ್ಲಿ 1993ರಿಂದ ಅದಕ್ಕೆ ನಿಷೇಧವಿದೆ. ಹಳೆಯ ಬ್ರೇಕ್ ಶೂಗಳನ್ನು ಉಜ್ಜಿ, ಡ್ರಮ್ಮಿನ ದೂಳನ್ನು ಬಾಯಿಂದ ಊದುವ ಮೆಕ್ಯಾನಿಕ್‌ನ ಚಿತ್ರ ತಮ್ಮ ಪುಟದಲ್ಲೂ ಇತ್ತು; ಅದನ್ನು ಅನುಕರಿಸಬಾರದೆಂದು ಓದುಗರಿಗೆ ತಿಳಿಸಬೇಕು. ಶೂ ಮೂಲದ್ದೇ ಇರಲಿ, ಲೈನಿಂಗ್ ಮಾತ್ರ ಹೊಸದಾಗಿ ಅಂಟಿಸಲಿ.

ಹೊಸದಾಗಿ ತಯಾರಿಸಿದ ನಕಲು ಭಾಗಗಳ ವಿಷಯದಲ್ಲಿ ನಾನು ಶುದ್ಧಿವಾದಿಯಲ್ಲ. ತುಕ್ಕು ತಿಂದ ಸೈಲೆನ್ಸರ್‌ಗೆ, ಹರಿದ ಸೀಟಿನ ರಬ್ಬರ್‌ಗೆ ನಕಲು ಬಿಟ್ಟರೆ ಗತಿಯಿಲ್ಲ, ಮತ್ತು ಕೆಲವು ನಕಲುಗಳು ಮೂಲಕ್ಕಿಂತ ಚೆನ್ನಾಗಿವೆ. ಹೊರಗೆ ಕಾಣುವ, ಭಾರ ಹೊರದ ಭಾಗಕ್ಕೆ ನಕಲು ಆದೀತು. ಗೇರು, ಕನೆಕ್ಟಿಂಗ್ ರಾಡು, ಅಚ್ಚು, ಬ್ರೇಕ್ ಲಿವರುಗಳಿಗೆ ಲೋಹ ಯಾವುದು, ಎಷ್ಟು ಗಟ್ಟಿ ಮಾಡಿಸಿದ್ದು ಎಂಬುದನ್ನು ಮಾರುವವರು ಬರೆದುಕೊಡದಿದ್ದರೆ ಹಳೆಯದನ್ನೇ ಪರೀಕ್ಷಿಸಿ ಬಳಸುವುದು ಮೇಲು. ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲಸ್ಥಿತಿಗೆ ಹತ್ತಿರವಿರುವ ವಾಹನಗಳಿಗೆ 1997ರಿಂದ ‘ಎಚ್’ ಅಕ್ಷರದ ನೋಂದಣಿ ಫಲಕ ಕೊಡಲಾಗುತ್ತಿದೆ. ಮೋಟಾರ್ ಸೈಕಲ್ಲಿಗೆ ಅದರ ತೆರಿಗೆ ವರ್ಷಕ್ಕೆ 46.02 ಯೂರೊ. ಆ ಫಲಕ ಕೊಡುವ ಮುನ್ನ ತಜ್ಞರು ಗಾಡಿಯನ್ನು ಪರಿಶೀಲಿಸಿ ವರದಿ ಬರೆಯುತ್ತಾರೆ. ಅಂಥ ವರದಿಯಿರುವ ಗಾಡಿ ಮಾರಾಟಕ್ಕೆ ಬಂದಾಗ ಫಲಕದ ಫೋಟೊಗಿಂತ ವರದಿಯ ಪ್ರತಿಯನ್ನು ಕೇಳಿ ಪಡೆದರೆ ಯಾವುದು ಮೂಲ, ಯಾವುದು ಬದಲಿ ಎಂಬುದಕ್ಕೆ ಸ್ವಲ್ಪವಾದರೂ ಆಧಾರ ಸಿಗುತ್ತದೆ.

ನಕಲು ಭಾಗ ತಯಾರಿಸುವವರು ಅದರ ಮೇಲೆ ತಮ್ಮ ಗುರುತನ್ನೂ ತಯಾರಾದ ವರ್ಷವನ್ನೂ ಒಳಮುಖದಲ್ಲಾದರೂ ಒತ್ತಬೇಕು. ಬಾಷ್, ಬಿಂಗ್‌ಗಳ ಹಳೆಯ ಮುದ್ರೆಯನ್ನು ಹೊಸ ಸಾಮಾನಿನ ಮೇಲೆ ಒತ್ತುವುದನ್ನು ಕ್ಲಬ್ಬುಗಳು ಪ್ರೋತ್ಸಾಹಿಸಬಾರದು. ಇವತ್ತು ಬೆಳ್ಳಗೆ ಹೊಳೆಯುವ ಆ ನಕಲು ಇಪ್ಪತ್ತು ವರ್ಷ ಗಾಡಿಯ ಮೇಲಿದ್ದು ಬಣ್ಣಗೆಟ್ಟ ಮೇಲೆ ಅಸಲಿಯಿಂದ ಅದನ್ನು ಬೇರ್ಪಡಿಸಲು ಮುಂದೆ ಬಿಚ್ಚುವವರಿಗೆ ಬೇರೆ ದಾರಿಯಿರುವುದಿಲ್ಲ. ಹಾಗೆಯೇ ಬದಲಾಯಿಸಿ ತೆಗೆದ ಮೂಲ ಭಾಗವನ್ನು, ಅದೆಷ್ಟೇ ಸವೆದಿರಲಿ, ಗಾಡಿಯ ಸಂಖ್ಯೆ ಬರೆದ ಚೀಟಿ ಕಟ್ಟಿ ಇಟ್ಟುಕೊಳ್ಳುವಂತೆ ಮಾಲೀಕರಲ್ಲಿ ವಿನಂತಿಸುತ್ತೇನೆ. ಕ್ಲಬ್ಬಿನವರು ಹತ್ತಾರು ಜನರ ಬೇಡಿಕೆ ಒಟ್ಟುಗೂಡಿಸಿ ಒಂದು ಭಾಗವನ್ನು ಮತ್ತೆ ತಯಾರಿಸಲು ಹೊರಟಾಗ ಅವರಿಗೆ ಅಳತೆಗೆ ಬೇಕಾಗುವುದು ಆ ಸವೆದ ತುಂಡೇ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ